ಡ್ರಿಲ್ ಮೇಷ್ಟ್ರಿಗೆ ಎಂ.ಪಿ.ಎಡ್. ಏಕೆ?



ಬಿ.ಪಿ.ಎಡ್. ಆಗಿ ಕೆಲಸ ಸಿಕ್ಕಮೇಲೂ ನಾನು ಮತ್ತೆ 2 ವರ್ಷದ ಎಂ.ಪಿ.ಎಡ್.ಗೆ ಹೊರಟಾಗ, “ಸೀಟಿ ಊದೋಕೆ ಇಷ್ಟು ಓದಬೇಕೇನಪ್ಪಾ?” ಎಂದು ನಕ್ಕವರು ಇಲ್ಲೇ ಕುಳಿತಿದ್ದಾರೆ. ಅವರಿಗೂ ನಮಸ್ಕಾರ.

ಖೋಖೋ ಆಡುತ್ತಾ ಬೇಗ ಸುಸ್ತಾಗುವ ಹುಡುಗಿಯನ್ನು ಸೋಮಾರಿ ಎಂದು ಬೈಯುವುದು ಸುಲಭ. ವ್ಯಾಯಾಮ ಶರೀರಕ್ರಿಯಾಶಾಸ್ತ್ರ ಓದಿದವನು ಮೊದಲು ಅವಳ ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿದೆಯೇ ನೋಡುತ್ತಾನೆ. ರಕ್ತಹೀನತೆಯಿದ್ದರೆ ಸ್ನಾಯುಗಳಿಗೆ ಸಾಕಷ್ಟು ಆಮ್ಲಜನಕ ತಲುಪುವುದಿಲ್ಲ. ಅವಳಿಗೆ ಬೇಕಾದದ್ದು ಇನ್ನೆರಡು ಸುತ್ತಿನ ಓಟವಲ್ಲ, ಆರೋಗ್ಯ ಕೇಂದ್ರದಲ್ಲಿ ಹಿಮೋಗ್ಲೋಬಿನ್ ಪರೀಕ್ಷೆ. ಬಯೋಮೆಕ್ಯಾನಿಕ್ಸ್, ಕ್ರೀಡಾ ಮನೋವಿಜ್ಞಾನ, ಸಂಶೋಧನಾ ವಿಧಾನ ಇವೂ ಇವೆ. ನನಗೆ ಹೆಚ್ಚು ಒದಗಿದ್ದು ಇದೊಂದೇ.

ಎಸ್.ಡಿ.ಎಂ.ಸಿ.ಯವರಲ್ಲಿ ಒಂದು ವಿನಂತಿ. ನಮ್ಮ ಶಾಲೆಯ ದೈಹಿಕ ಶಿಕ್ಷಕರು ಮುಂದೆ ಓದುತ್ತೇನೆಂದರೆ ಬೆಂಬಲಿಸಿ. ಪರೀಕ್ಷೆ ಬಂತೆಂದು ಅವರ ಪೀರಿಯಡ್ಡನ್ನು ಗಣಿತಕ್ಕೆ ಕೊಡಿಸಬೇಡಿ.