ಕಾರ್ಮಿಕ ಸಂತ ಜೋಸೆಫರು ಮತ್ತು ನಮ್ಮ ವಿಶ್ರಾಂತಿ

(ಮೇ 1, ಕಾರ್ಮಿಕ ಸಂತ ಜೋಸೆಫರ ಹಬ್ಬದ ಪ್ರಬೋಧನೆ. ವಾಚನಗಳು: ಆದಿಕಾಂಡ 1:26–2:3, ಮತ್ತಾಯ 13:54-58)



ಲೋಕದ ಕಾರ್ಮಿಕರು ತಮ್ಮದೆಂದು ಆಚರಿಸುತ್ತಿದ್ದ ಮೇ ಒಂದನೆಯ ದಿನವನ್ನು 1955ರಲ್ಲಿ ಜಗದ್ಗುರು ಹನ್ನೆರಡನೆಯ ಪಯಸ್‌ರವರು ನಜರೇತಿನ ಬಡಗಿಗೆ ಮೀಸಲಿಟ್ಟರು. ಅಂದಿನಿಂದ ಈ ಹಬ್ಬದಲ್ಲಿ ದುಡಿಮೆಯ ಹಿರಿಮೆಯನ್ನು ಕುರಿತು ಪ್ರಬೋಧನೆ ಮಾಡುವುದು ನಮ್ಮಲ್ಲಿ ವಾಡಿಕೆ. ಕಳೆದ ವರ್ಷ ನಾನೂ ಅದನ್ನೇ ಮಾಡಿದೆ. ಈ ಸಲ ವಿಶ್ರಾಂತಿಯ ಬಗ್ಗೆ ಮಾತನಾಡಬೇಕೆಂದಿದ್ದೇನೆ. ಅದಕ್ಕೊಂದು ಕಾರಣವಿದೆ.

ಪಾಸ್ಖ ಹಬ್ಬ ಮುಗಿದ ಮೇಲೆ ಮನೆಗಳನ್ನು ಮಂತ್ರಿಸಲು ಹೊರಟಿದ್ದೆ. ಭಾನುವಾರ ಮಧ್ಯಾಹ್ನ, ಸುಮಾರು ಮೂರು ಗಂಟೆ. ಒಂದು ಮನೆಯ ಬಾಗಿಲಲ್ಲಿ ಆ ಮನೆಯ ತಾಯಿ ಗೋಡೆಗೊರಗಿ ಕುಳಿತಲ್ಲೇ ನಿದ್ದೆ ಹೋಗಿದ್ದರು. ಮಡಿಲಲ್ಲಿ ಮೊರ, ಮೊರದಲ್ಲಿ ಅರ್ಧ ಬಿಡಿಸಿದ ಬೆಳ್ಳುಳ್ಳಿ. ಒಳಗೆ ಮನೆಯವರು ಟಿ.ವಿ.ಯಲ್ಲಿ ಕ್ರಿಕೆಟ್ ನೋಡುತ್ತಿದ್ದರು. ಈ ತಾಯಿ ವಾರಕ್ಕೆ ಆರು ದಿನ ಗಾರ್ಮೆಂಟ್ಸ್‌ಗೆ ಹೋಗುವವರು. ಬೆಳಗ್ಗೆ ಐದಕ್ಕೆ ಎದ್ದು ನೀರು ಹಿಡಿದು, ಅಡುಗೆ ಮಾಡಿ, ಮಕ್ಕಳ ಡಬ್ಬಿ ಕಟ್ಟಿ, ಫ್ಯಾಕ್ಟರಿ ವ್ಯಾನು ಹತ್ತಬೇಕು. ಭಾನುವಾರ ಬಂತೆಂದರೆ ಏಳರ ಪೂಜೆ, ಆಮೇಲೆ ವಾರದ ಬಟ್ಟೆ, ಹಬ್ಬದಂಥ ಅಡುಗೆ, ಪಾತ್ರೆ. ನನ್ನ ಹೆಜ್ಜೆಯ ಸದ್ದಿಗೆ ಅವರು ಬೆಚ್ಚಿ ಎದ್ದು, ಸೆರಗು ಸರಿಮಾಡಿಕೊಂಡು, "ತಪ್ಪಾಯ್ತು ಸ್ವಾಮಿ, ಹಂಗೇ ಕಣ್ಣು ಹತ್ತಿಬಿಡ್ತು" ಎಂದರು. ಒಂದು ಸಲವಲ್ಲ, ಮೂರು ಸಲ. (ಇದನ್ನು ಹೇಳಲು ಅವರ ಒಪ್ಪಿಗೆ ಕೇಳಿದ್ದೇನೆ.)

ನಾನೇನು ಹೇಳಿದೆ ಗೊತ್ತೇ? "ಎರಡು ಗಂಟೆಗೆ ಮಹಿಳಾ ಸಂಘದ ಸಭೆ ಇತ್ತಲ್ಲಮ್ಮ, ಯಾಕೆ ಬರಲಿಲ್ಲ?" ಎಂದೆ.

ಮನೆ ಮಂತ್ರಿಸಿ ಬೀದಿಗಿಳಿದ ಮೇಲೆ ಆ ಮಾತು ನನ್ನನ್ನೇ ಚುಚ್ಚತೊಡಗಿತು. ಇದನ್ನು ಎಲ್ಲೋ ಓದಿದ್ದೇನಲ್ಲ ಅನ್ನಿಸಿತು. ವಿಮೋಚನಕಾಂಡದ ಐದನೆಯ ಅಧ್ಯಾಯ ನೋಡಿ. ದೇವರನ್ನು ಆರಾಧಿಸಲು ಮೂರು ದಿನದ ಹಾದಿ ಹೋಗಿಬರುತ್ತೇವೆ ಎಂದು ಇಸ್ರಯೇಲರ ಪರವಾಗಿ ಕೇಳಿದಾಗ ಫರೋಹ ಅವರನ್ನು ಸೋಮಾರಿಗಳೆಂದು ಜರೆದ. ಇಟ್ಟಿಗೆಗೆ ಬೇಕಾದ ಹುಲ್ಲನ್ನು ಕೊಡುವುದನ್ನೂ ನಿಲ್ಲಿಸಿದ. ಇಟ್ಟಿಗೆಯ ಲೆಕ್ಕವನ್ನು ಮಾತ್ರ ಕಡಿಮೆ ಮಾಡಲಿಲ್ಲ. ದಣಿದವರನ್ನು ಕಂಡಾಗ ಫರೋಹನಿಗೆ ತೋಚಿದ್ದು ಇದೊಂದೇ. ಆ ಫರೋಹ ಪಾದ್ರಿಯ ಬಿಳಿ ನಿಲುವಂಗಿಯನ್ನೂ ತೊಡಬಲ್ಲ ಎಂದು ನನಗೆ ಅಂದು ತಿಳಿಯಿತು.

ಇಂದಿನ ಮೊದಲನೆಯ ವಾಚನವನ್ನು ನಾವು ಸಾಮಾನ್ಯವಾಗಿ ಹೀಗೆ ಕೇಳಿಸಿಕೊಳ್ಳುತ್ತೇವೆ: ದೇವರು ಆರು ದಿನ ದುಡಿದರು, ಏಳನೆಯ ದಿನ ವಿಶ್ರಮಿಸಿದರು, ನಾವೂ ಹಾಗೆಯೇ ಮಾಡಬೇಕು. ಸರಿಯೇ. ಆದರೆ ಮನುಷ್ಯನ ಕಡೆಯಿಂದ ಎಣಿಸಿ ನೋಡಿ. ಅವನು ಸೃಷ್ಟಿಯಾದದ್ದು ಆರನೆಯ ದಿನ. ಅವನು ಕಣ್ಣುಬಿಟ್ಟು ಕಂಡ ಮೊದಲ ಪೂರ್ಣ ದಿನವೇ ವಿಶ್ರಾಂತಿಯ ದಿನ! ಅವನು ಆಗ ಒಂದು ಗುದ್ದಲಿಯನ್ನೂ ಹಿಡಿದಿರಲಿಲ್ಲ. ಹಾಗಾದರೆ ವಿಶ್ರಾಂತಿಯೆಂಬುದು ಕೆಲಸ ಮುಗಿಸಿದವರಿಗೆ ಕೊಡುವ ಬಟವಾಡೆಯಲ್ಲ, ಮೊದಲೇ ಕೈಗಿಟ್ಟ ವರದಾನ. ನಮ್ಮ ಭಾನುವಾರವೂ ವಾರದ ಕೊನೆಯಲ್ಲ, ಪ್ರಭು ಪುನರುತ್ಥಾನರಾದ ವಾರದ ಮೊದಲ ದಿನ.

ಧರ್ಮೋಪದೇಶಕಾಂಡದ ಐದನೆಯ ಅಧ್ಯಾಯದಲ್ಲಿ ಇದೇ ಆಜ್ಞೆ ಇನ್ನೊಮ್ಮೆ ಬರುತ್ತದೆ. ಅಲ್ಲೊಂದು ಪಟ್ಟಿಯಿದೆ: ಮಗ, ಮಗಳು, ದಾಸ, ದಾಸಿ, ಎತ್ತು, ಕತ್ತೆ, ಊರಲ್ಲಿರುವ ಪರದೇಶಿ. ಎತ್ತು ಕತ್ತೆಗಳೂ ಇರುವ ಆ ಪಟ್ಟಿಯಲ್ಲಿ ಹೆಂಡತಿ ಇಲ್ಲ! ಗುರುಮಠದಲ್ಲಿದ್ದಾಗ ಇದನ್ನು ಓದಿ ನಾವು ವಿದ್ಯಾರ್ಥಿಗಳು ನಕ್ಕಿದ್ದೆವು. 'ನೀನು' ಎಂಬ ಮಾತಿನಲ್ಲೇ ಹೆಂಡತಿಯೂ ಸೇರಿದ್ದಾಳೆಂದು ಪಂಡಿತರು ವಿವರಿಸುತ್ತಾರೆ. ಆದರೆ ನಮ್ಮ ಮನೆಗಳಲ್ಲಿ ಅವರು ಆ 'ನೀನು' ಒಳಗೂ ಸೇರಿಲ್ಲ, ಪಟ್ಟಿಯೊಳಗೂ ಸೇರಿಲ್ಲ. ಅಲ್ಲಿ ಕೊಟ್ಟಿರುವ ಕಾರಣವನ್ನೂ ಗಮನಿಸಿ: ಈಜಿಪ್ಟಿನಲ್ಲಿ ನೀನೂ ದಾಸನಾಗಿದ್ದೆ, ಅದನ್ನು ನೆನಪಿಡು. ನನ್ನ ಬಿಡುವು ಇನ್ನೊಬ್ಬರ ದುಡಿಮೆಯ ಮೇಲೆ ನಿಂತಿದ್ದರೆ ಮೂರನೆಯ ಆಜ್ಞೆಯನ್ನು ನಾನು ಅರ್ಧವಷ್ಟೇ ಪಾಲಿಸಿದ್ದೇನೆ.

ಇನ್ನು ಜೋಸೆಫರು. ಶುಭಸಂದೇಶದಲ್ಲಿ ಅವರಾಡಿದ ಒಂದು ಮಾತೂ ದಾಖಲಾಗಿಲ್ಲ. ಅವರ ಉಳಿ, ಬಾಚಿಗಳ ವರ್ಣನೆಯೂ ಇಲ್ಲ. ನಜರೇತಿನವರು ಯೇಸುವನ್ನು ಹಗುರವಾಗಿ ಕಾಣುತ್ತಾ ಬಡಗಿಯ ಮಗನೆಂದದ್ದರಿಂದಲೇ ಆ ಕಸುಬು ನಮಗೆ ತಿಳಿದದ್ದು. ಆದರೆ ಅವರ ನಿದ್ದೆಯ ಬಗ್ಗೆ ಸಂತ ಮತ್ತಾಯರು ಧಾರಾಳವಾಗಿ ಬರೆದಿದ್ದಾರೆ. ನಾಲ್ಕು ಸಲ ದೇವರು ಅವರನ್ನು ಎಚ್ಚರಿಸಿ ದಾರಿ ತೋರಿದ್ದು ಕನಸಿನಲ್ಲಿ. ಮರಿಯಮ್ಮನವರ ವಿಷಯದಲ್ಲಿ ಮನಸ್ಸು ಕಲಕಿದ್ದಾಗಲೂ ಅವರು ಮಲಗಿದರು. ಎದ್ದ ಮೇಲೆ ತಡಮಾಡಿದವರಲ್ಲ. ರಾತ್ರೋರಾತ್ರಿ ತಾಯಿಮಗುವನ್ನು ಕರೆದುಕೊಂಡು ಈಜಿಪ್ಟಿಗೆ ಹೊರಟರು. 2015ರ ಜನವರಿಯಲ್ಲಿ ಮನಿಲಾದಲ್ಲಿ ಕುಟುಂಬಗಳೊಂದಿಗೆ ಮಾತನಾಡುತ್ತಾ ಜಗದ್ಗುರು ಫ್ರಾನ್ಸಿಸ್‌ರವರು, ತಮ್ಮ ಮೇಜಿನ ಮೇಲೆ ಮಲಗಿರುವ ಜೋಸೆಫರ ಪ್ರತಿಮೆ ಇದೆಯೆಂದೂ, ಬಗೆಹರಿಯದ ಸಮಸ್ಯೆಯನ್ನು ಚೀಟಿಯಲ್ಲಿ ಬರೆದು ಅದರಡಿ ಇಡುತ್ತೇನೆಂದೂ ಹೇಳಿದ್ದರು. 2025ರ ಏಪ್ರಿಲ್‌ನಲ್ಲಿ ಅವರು ತೀರಿಕೊಂಡಾಗ ನನಗೆ ಮೊದಲು ನೆನಪಾದದ್ದು ಆ ಚೀಟಿಗಳು.

"ನಿಮಗೇನು ಸ್ವಾಮಿ, ಹೇಳೋದು ಸುಲಭ. ಓ.ಟಿ. ಬಿಟ್ಟರೆ ಚೀಟಿ ದುಡ್ಡು ಯಾರು ಕಟ್ಟುತ್ತಾರೆ?" ಎಂದು ನೀವು ಕೇಳಬಹುದು. ಕೇಳಬೇಕಾದದ್ದೇ. ಮನೆಯ ಅಗತ್ಯಕ್ಕಾಗಿ ಭಾನುವಾರ ದುಡಿಯಲೇಬೇಕಾದವರ ಮೇಲೆ ಧರ್ಮಸಭೆ ಪಾಪ ಹೊರಿಸುವುದಿಲ್ಲ. ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥ ಇದನ್ನು ಸ್ಪಷ್ಟವಾಗಿ ಒಪ್ಪುತ್ತದೆ (2185). ಆದರೆ ಅನಗತ್ಯವಾಗಿ ಬೇರೆಯವರನ್ನು ದುಡಿಸಿ ಅವರ ಪ್ರಭುವಿನ ದಿನವನ್ನು ಕಿತ್ತುಕೊಳ್ಳಬೇಡಿ ಎಂದೂ ಅದೇ ಗ್ರಂಥ ಹೇಳುತ್ತದೆ (2187). ಹೊಣೆ ಇರುವುದು ದುಡಿಸುವವರ ಮೇಲೆ. ಕಾರ್ಮಿಕರಿಗೆ ಭಾನುವಾರದ ಬಿಡುವು ಸಲ್ಲಬೇಕೆಂದು 1891ರಲ್ಲಿಯೇ ಜಗದ್ಗುರು ಹದಿಮೂರನೆಯ ಲಿಯೋರವರು ತಮ್ಮ ವಿಶ್ವಪತ್ರದಲ್ಲಿ ಬರೆದರು. ನಮ್ಮ ದೇಶದಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಬೊಂಬಾಯಿಯ ಗಿರಣಿ ಕಾರ್ಮಿಕರು ಭಾನುವಾರದ ರಜೆಗಾಗಿ ಹೋರಾಡಿ ಗೆದ್ದದ್ದು 1890ರಲ್ಲಿ. ನಾವು ಪುಕ್ಕಟೆ ಸಿಕ್ಕಿತೆಂದುಕೊಂಡ ಭಾನುವಾರ ಅದು. 2025ರ ಆರಂಭದಲ್ಲಿ ದೊಡ್ಡ ಉದ್ಯಮಿಯೊಬ್ಬರು ವಾರಕ್ಕೆ 90 ಗಂಟೆ ದುಡಿಯಬೇಕು, ಭಾನುವಾರವೂ ದುಡಿಸಬೇಕಿತ್ತು ಎಂಬರ್ಥದ ಮಾತನಾಡಿದರು. ಇಟ್ಟಿಗೆಯ ಲೆಕ್ಕ ಇನ್ನೂ ಮುಗಿದಿಲ್ಲ.

ನನ್ನ ಪಾಲಿನದನ್ನು ಮೊದಲು ಹೇಳಿಬಿಡುತ್ತೇನೆ. ಭಾನುವಾರ ಎರಡು ಗಂಟೆಯ ಸಭೆಗಳು ಇನ್ನು ಮುಂದೆ ಇರುವುದಿಲ್ಲ. ಎರಡನೆಯ ಪೂಜೆಯಾದ ಕೂಡಲೇ ಅರ್ಧ ಗಂಟೆಯಲ್ಲಿ ಮುಗಿಸೋಣ. ಮನೆಗೆಲಸದವರನ್ನು ಇಟ್ಟುಕೊಂಡಿರುವವರು ಅವರ ಭಾನುವಾರವನ್ನು ಅವರಿಗೇ ಬಿಟ್ಟುಕೊಡಿ, ಸಂಬಳ ಹಿಡಿಯಬೇಡಿ. ಅಂಗಡಿಗಳಲ್ಲಿ ಹುಡುಗರನ್ನು ಇಟ್ಟುಕೊಂಡಿರುವವರಿಗೂ ಇದೇ ಮಾತು. ಇಂದು ಹಬ್ಬದೂಟದ ಪಾತ್ರೆಗಳನ್ನು ತೊಳೆಯುವುದು ಗಂಡಸರ ಸರದಿ. ಪಾಲನಾ ಸಮಿತಿಯವರಿಗೆ ನಿನ್ನೆಯೇ ತಿಳಿಸಿದ್ದೇನೆ. ಮುಖ ಸಣ್ಣಗಾಯಿತು, ಆದರೂ ಒಪ್ಪಿದ್ದಾರೆ.

ತೇರು ಸಂಜೆ ಆರಕ್ಕೆ ಹೊರಡುತ್ತದೆ. ಮಧ್ಯಾಹ್ನ ಎರಡರಿಂದ ಐದರವರೆಗೆ ದೇವಾಲಯದ ಮೈಕು ಆಫ್ ಆಗಿರುತ್ತದೆ. ಸುತ್ತಮುತ್ತಲ ಮನೆಯವರೂ, ರಾತ್ರಿ ಪಾಳಿ ಮುಗಿಸಿ ಬಂದವರೂ, ಒಂಬತ್ತು ದಿನದಿಂದ ನವದಿನದ ಕೆಲಸ ಮಾಡಿದ ತಾಯಂದಿರೂ ಮಲಗಲಿ. ಯಾರೂ ಎಬ್ಬಿಸಬೇಡಿ.