ಭ್ರಮರೋಗ ವಿವೇಚನೆ

 

ತಲೆ ತಿರುಗಿತೆಂದೊಡನೆ ‘ಪಿತ್ತ ಕೆರಳಿದೆ’ ಎಂದು ನಿಂಬೆಯ ಪಾನಕ ಕೊಟ್ಟು ಮಲಗಿಸುವುದು ನಮ್ಮ ಮನೆಗಳಲ್ಲಿ ರೂಢಿಯಾಗಿರುವುದು. ಇದರಿಂದ ಎರಡು ಬಗೆಯ ಹಾನಿಯುಂಟು. ಸುಲಭವಾಗಿ ಗುಣಹೊಂದತಕ್ಕವನು ವರ್ಷಗಟ್ಟಲೆ ಗುಳಿಗೆ ನುಂಗುತ್ತ ಮಗ್ಗುಲು ಹೊರಳಲಿಕ್ಕೂ ಅಂಜುವನು. ತತ್‌ಕ್ಷಣವೇ ಆಸ್ಪತ್ರೆಗೆ ಹೋಗತಕ್ಕವನು ಮನೆಯಲ್ಲಿಯೇ ಉಳಿದು ಕೆಡುವನು. ಆದುದರಿಂದ ಈ ವ್ಯಾಧಿಯ ಭೇದಗಳನ್ನು ಅರಿಯುವುದು ಅವಶ್ಯವು.

ಪ್ರಾಚೀನರು ಇವೆಲ್ಲವನ್ನೂ ಒಂದೆಂದು ಬಗೆದವರಲ್ಲ. ಮಾಧವಕರನು ತನ್ನ ನಿದಾನಗ್ರಂಥದಲ್ಲಿ ಮೂರ್ಛೆಯನ್ನೂ ಭ್ರಮವನ್ನೂ ಬೇರೆ ಬೇರೆಯಾಗಿ ಹೇಳಿ, ಭ್ರಮಕ್ಕೆ ಪಿತ್ತದೊಡನೆ ವಾತವನ್ನೂ ರಜೋಗುಣವನ್ನೂ ಕಾರಣವಾಗಿ ಎಣಿಸಿರುವನು. ಪಾಶ್ಚಾತ್ಯರಲ್ಲಿ 1861ರಲ್ಲಿ ಪ್ಯಾರಿಸಿನ ಪ್ರಾಸ್ಪರ್ ಮೆನಿಯೇರ್ ಎಂಬ ವೈದ್ಯನು, ತಲೆಸುತ್ತು ಒಳಗಿವಿಯ ದೋಷದಿಂದಲೂ ಬರುವುದೆಂದು ಪ್ರತಿಪಾದಿಸಿದನು.

ಒಳಗಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿಸಿದುದನ್ನು ಮಿದುಳಿಗೆ ತಿಳಿಸುವುದು ಇವುಗಳ ಕಾರ್ಯ. ಪಕ್ಕದ ಚೀಲದಲ್ಲಿರಬೇಕಾದ ಸುಣ್ಣದ ಸೂಕ್ಷ್ಮ ಹರಳುಗಳು ಕಳಚಿ ನಾಳವನ್ನು ಹೊಕ್ಕರೆ, ಹಾಸಿಗೆಯಲ್ಲಿ ಹೊರಳಿದಾಗಲೂ ಅಟ್ಟದ ಕಡೆಗೆ ಕತ್ತೆತ್ತಿದಾಗಲೂ ಮನೆಯೇ ಗಿರ್ರನೆ ತಿರುಗಿದಂತಾಗಿ, ಸಾಮಾನ್ಯವಾಗಿ ಒಂದು ನಿಮಿಷದೊಳಗೆ ಅಡಗುವುದು. ಒಳಗಿವಿಯಿಂದ ಬರುವ ತಲೆಸುತ್ತುಗಳಲ್ಲಿ ಇದೇ ಬಹು ಸಾಮಾನ್ಯವಾದುದು.

ಇದರ ಪರೀಕ್ಷೆಯನ್ನು ಡಿಕ್ಸ್ ಮತ್ತು ಹಾಲ್‌ಪೈಕ್ ಎಂಬವರು 1952ರಲ್ಲಿ ವಿವರಿಸಿದರು. ರೋಗಿಯನ್ನು ಮಂಚದ ಮೇಲೆ ಕುಳ್ಳಿರಿಸಿ, ತಲೆಯನ್ನು 45 ಅಂಶದಷ್ಟು ಒಂದು ಕಡೆಗೆ ತಿರುಗಿಸಿ, ಬೇಗನೆ ಹಿಂದಕ್ಕೆ ಮಲಗಿಸಿ ಕಣ್ಣುಗಳನ್ನು ನೋಡುವರು. ಕೆಲವು ಕ್ಷಣಗಳ ಮೇಲೆ ಕಣ್ಣಾಲಿಗಳು ಅದುರತೊಡಗಿದರೆ ಕೆಳಗಿನ ಕಿವಿಯೇ ದೋಷಸ್ಥಾನವೆಂದು ತಿಳಿಯುವುದು. ಚಿಕಿತ್ಸೆಯ ಕ್ರಮವನ್ನು ಎಪ್ಲಿ ಎಂಬ ವೈದ್ಯನು 1992ರಲ್ಲಿ ಪ್ರಕಟಿಸಿದನು. ತಲೆಯನ್ನೂ ಮೈಯನ್ನೂ ಹಂತಹಂತವಾಗಿ ಮತ್ತೊಂದು ಮಗ್ಗುಲಿಗೆ ಹೊರಳಿಸಿ ಎಬ್ಬಿಸಿದರೆ ಹರಳುಗಳು ಸ್ವಸ್ಥಾನಕ್ಕೆ ಮರಳುವುವು. ಎಷ್ಟೋ ಮಂದಿಗೆ ಒಂದೆರಡು ಸಲದಲ್ಲಿಯೇ ಗುಣ ಕಾಣುವುದು. ಕುತ್ತಿಗೆಯ ಬೇನೆಯುಳ್ಳವರು ಅದನ್ನು ಮೊದಲೇ ವೈದ್ಯನಿಗೆ ತಿಳಿಸಬೇಕು.

ಇತರ ಭೇದಗಳಿಗೂ ಕಾಲಾವಧಿಯೇ ಮುಖ್ಯವಾದ ಗುರುತು. ಕಿವಿಯಲ್ಲಿ ಮೊರೆತವೂ ಕಿವುಡೂ ಕೂಡಿ ಗಂಟೆಗಟ್ಟಲೆ ಇರುವುದು ಮೆನಿಯೇರನ ಹೆಸರಿನ ರೋಗ. ದಿನಗಟ್ಟಲೆ ಬಿಡದೆ ತಿರುಗಿಸುವುದು ಒಳಗಿವಿಯ ನರದ ಊತದಿಂದಾಗಿರಬಹುದು. ಅದಕ್ಕೆ ಗುಳಿಗೆಯನ್ನು ಕೆಲವೇ ದಿನ ಕೊಟ್ಟು, ಬಳಿಕ ನಡಿಗೆ ಮತ್ತು ದೃಷ್ಟಿಯ ಅಭ್ಯಾಸವನ್ನು ಮಾಡಿಸಬೇಕು. ಎದ್ದು ನಿಂತಾಗ ಕಣ್ಣು ಕತ್ತಲೆಗೂಡಿದರೆ ರಕ್ತದ ಒತ್ತಡವನ್ನು ಪರೀಕ್ಷಿಸಬೇಕು.

ಆದರೆ ತಲೆಸುತ್ತಿನೊಡನೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಮುಖ ಸೊಟ್ಟಗಾದರೆ, ಕೈಕಾಲು ಸೋತರೆ, ನಿಲ್ಲಲಿಕ್ಕೇ ಆಗದಿದ್ದರೆ, ಮಿದುಳಿನ ರಕ್ತಸಂಚಾರ ಕೆಟ್ಟಿರಬಹುದು. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ 4½ ಗಂಟೆಗಳೊಳಗೆ ಕೊಡಬೇಕಾಗಿರುವುದರಿಂದ ಅಲ್ಲಿ ಪಾನಕಕ್ಕೂ ಮನೆಮದ್ದಿಗೂ ಅವಕಾಶವಿಲ್ಲ.

ಎಷ್ಟು ಹೊತ್ತು ತಿರುಗಿತು, ಏನು ಮಾಡಿದಾಗ ತಿರುಗಿತು, ಜೊತೆಯಲ್ಲಿ ಮತ್ತೇನಾಯಿತು, ಈ ಮೂರನ್ನು ಮನೆಯವರು ಗಮನಿಸಿ ವೈದ್ಯನಿಗೆ ಹೇಳಿದರೆ ರೋಗನಿರ್ಣಯದ ಬಹುಭಾಗ ಮುಗಿದಂತೆಯೇ.