ಹೆಸರಿಲ್ಲದ ಉಂಗುರ
(ನಮ್ಮ ಉಚಿತ ವಾಚನಾಲಯದ ರವಿವಾರದ ಕೂಟದಲ್ಲಿ ಮಾಡಿದ ಭಾಷಣ)



ಗಿರಣಿಯ ಹಾಜರಿ ಪುಸ್ತಕ ಬರೆಯುವ ಕಾರಕೂನರು ನಾವು. ಆಭರಣದ ವಿಷಯ ಮಾತನಾಡಲು ನಮಗೇನು ಅಧಿಕಾರವೆಂದು ತಾವು ಕೇಳಬಹುದು. ಅಧಿಕಾರವೇನೂ ಇಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಈ ಮೇಜಿನ ಮೇಲೆ ಒಂದು ಉಂಗುರ ಬಂದು ಕುಳಿತಿತು. ಅದರಿಂದ ನಾವು ಕಲಿತದ್ದನ್ನೂ, ಅದರ ದೆಸೆಯಿಂದ ನಮಗೊದಗಿದ ಪೇಚನ್ನೂ ತಮ್ಮ ಮುಂದಿಡುತ್ತೇವೆ.

ಉಂಗುರ ತಂದವರು ನಮ್ಮ ಹಳೆಯ ಓದುಗರು. ಅವರ ತಂದೆ ಸರಕು ಹಡಗಿನಲ್ಲಿ ದುಡಿದವರು. ಅಮೆರಿಕದ ಬಂದರೊಂದರಲ್ಲಿ ಅದನ್ನು ಕೊಂಡಿದ್ದರಂತೆ. ದಪ್ಪನೆಯ ಬೆಳ್ಳಿ, ನಡುವೆ ನೀಲಿಹಸಿರು ಫಿರೋಜಾ ಹರಳು. ಮಾಡಿದವನ ಹೆಸರು ಎಲ್ಲಿಯೂ ಇಲ್ಲ. ಮಗಳ ಕಾಲೇಜಿನ ಫೀಸಿಗಾಗಿ ಅದನ್ನು ಮಾರಲು ಹೊರಟಾಗ ದಲ್ಲಾಳಿಯೊಬ್ಬ, "ಇದು ನವಾಹೋ ಜನರ ಕೆಲಸ. ದೊಡ್ಡ ಕುಶಲಿಯ ಹೆಸರು ಕಾಗದದ ಮೇಲಿದ್ದರೆ ಬೆಲೆಯೇ ಬೇರೆ" ಎಂದನಂತೆ. ಹೆಸರನ್ನೂ ಅವನೇ ಚೀಟಿಯಲ್ಲಿ ಬರೆದುಕೊಟ್ಟಿದ್ದ: ಫ್ರೆಡ್ ಪೆಶ್ಲಕೈ.

"ನಿಮ್ಮಲ್ಲಿ ಪುಸ್ತಕ ಅದಾವು, ಸಂಘದ ಶಿಕ್ಕಾ ಅದ. ನೋಡಿ ಬರದುಕೊಡ್ರಿ, ಅಣ್ಣಾವ್ರ" ಎಂದರು ಅವರು.

ಗ್ರಂಥಗಳನ್ನು ನೋಡಿಕೊಳ್ಳುವ ನಾವು ಮೂವರೂ ಓದತೊಡಗಿದೆವು.

ನವಾಹೋ ಜನರು ಅಮೆರಿಕದ ಮೂಲ ನಿವಾಸಿಗಳಲ್ಲಿ ಒಂದು ದೊಡ್ಡ ಜನಾಂಗ. ತಮ್ಮನ್ನು ತಾವು 'ದಿನೆ' ಎಂದು ಕರೆದುಕೊಳ್ಳುತ್ತಾರೆ. ಆರಿಜೋನ, ನ್ಯೂ ಮೆಕ್ಸಿಕೊ, ಯೂಟಾ ಸೀಮೆಗಳಲ್ಲಿ ಅವರ ನೆಲವಿದೆ. 1864ರಲ್ಲಿ ಅಮೆರಿಕದ ಸೈನ್ಯ ಅವರನ್ನು ಮನೆಮಾರುಗಳಿಂದ ಎಬ್ಬಿಸಿ, ನೂರಾರು ಮೈಲಿ ನಡೆಸಿಕೊಂಡು ಹೋಗಿ ಬಾಸ್ಕ್ ರೆಡೊಂಡೊ ಎಂಬಲ್ಲಿ ಕೂಡಿಹಾಕಿತು. 1868ರ ಒಪ್ಪಂದದ ಮೇಲೆ ಅವರು ತಮ್ಮ ನೆಲಕ್ಕೆ ಮರಳಿದರು. ಅವರಲ್ಲಿ ಮೊದಲ ಲೋಹಗಾರನೆಂದು ಹೆಸರಾದವನು ಅತ್ಸಿದಿ ಸಾನಿ; ಮೆಕ್ಸಿಕೊದ ಕಮ್ಮಾರನೊಬ್ಬನಿಂದ ಕಬ್ಬಿಣದ ಕೆಲಸ ಕಲಿತವನು. ಆ ಹೆಸರಿನ ಅರ್ಥವೇ 'ಮುದಿ ಕಮ್ಮಾರ'. ಬೆಳ್ಳಿಯಲ್ಲಿ ಫಿರೋಜಾ ಹರಳು ಕೂರಿಸುವ ಕೆಲಸ ಸುಮಾರು 1880ರ ಹೊತ್ತಿಗೆ ಮೊದಲಾಯಿತು.

ಆ ಕಾಲದಲ್ಲಿ ಅವರು ಬೆಳ್ಳಿ ನಾಣ್ಯಗಳನ್ನೇ ಕರಗಿಸುತ್ತಿದ್ದರು. ಒಡವೆಗೆ ಹೆಸರು ಹೊಡೆಯುವ ವಾಡಿಕೆ ಇರಲಿಲ್ಲ. ಯಾಕೆ ಬೇಕು? ಮಾಡಿದವನು ಯಾರೆಂಬುದು ತೊಡುವವನಿಗೆ ಗೊತ್ತಿತ್ತು. ನಮ್ಮ ಊರಿನ ಪತ್ತಾರನು ನಮ್ಮ ತಾಯಂದಿರ ಕಾಲುಂಗುರಕ್ಕೆ ಸಹಿ ಹಾಕಿದ್ದನೆ?

ಮುಂದೆ ರೈಲು ಬಂದಿತು, ರೈಲಿನೊಡನೆ ಪ್ರವಾಸಿಗರು ಬಂದರು. 1899ರಿಂದ ಫ್ರೆಡ್ ಹಾರ್ವೆ ಕಂಪನಿ ಅವರಿಗೆ ಮಾರಲು ಹಗುರವಾದ ಒಡವೆಗಳನ್ನು ಮಾಡಿಸತೊಡಗಿತು. ಬರಬರುತ್ತ ಯಂತ್ರದಲ್ಲಿ ಒತ್ತಿದ ಒಡವೆಗಳೂ ಪೇಟೆಗೆ ಬಂದವು. ಕೈಕೆಲಸದ ಮಾನ ಕಾಯಲೆಂದು 1935ರಲ್ಲಿ ಸರಕಾರ ಒಂದು ಮಂಡಲಿಯನ್ನು ಸ್ಥಾಪಿಸಿತು. ಅದು ಒಳ್ಳೆಯ ಮಾಲಿಗೆ ಮುದ್ರೆ ಒತ್ತಿಸಿತು. ಆ ಮುದ್ರೆಯಲ್ಲಿಯೂ ಜನಾಂಗದ ಹೆಸರಿತ್ತು, ಮಾಡಿದವನ ಹೆಸರಿರಲಿಲ್ಲ. ಕುಶಲಿಗಳು ತಮ್ಮ ಗುರುತು ಹೊಡೆಯುವುದು ಸಾಮಾನ್ಯವಾದದ್ದು 1970ರ ದಶಕದಿಂದೀಚೆಗೆ.

ಹಾಗಾದರೆ ಹೆಸರಿಲ್ಲದ ಉಂಗುರವನ್ನು ಓದುವುದು ಹೇಗೆ? ಮೊದಲು ಅದನ್ನು ಮಗುಚಬೇಕು. ಮುಖ ಕೊಳ್ಳುವವನಿಗಾಗಿ, ಬೆನ್ನು ಪರೀಕ್ಷಿಸುವವನಿಗಾಗಿ. ನಮ್ಮ ಉಂಗುರದ ಒಳಗೆ 'ಸ್ಟರ್ಲಿಂಗ್' ಎಂಬ ಸಣ್ಣ ಅಚ್ಚಿತ್ತು. ಅದು ವ್ಯಕ್ತಿಯ ಹೆಸರಲ್ಲ, ನೂರಕ್ಕೆ 92.5 ಭಾಗ ಬೆಳ್ಳಿ ಎಂಬ ಲೆಕ್ಕ. ಅಮೆರಿಕದ ಹಳೆಯ ನಾಣ್ಯದಲ್ಲಿದ್ದದ್ದು 90 ಭಾಗ. ಸ್ಟರ್ಲಿಂಗ್ ತಗಡು ನವಾಹೋ ಕುಶಲಿಗಳ ಕೈಗೆ ಧಾರಾಳವಾಗಿ ಬಂದದ್ದು 1930ರ ದಶಕದಲ್ಲಿ. ಆದ್ದರಿಂದ ಉಂಗುರ ಅದಕ್ಕಿಂತ ಹಳೆಯದಾಗಿರಲಾರದೆಂದು ಊಹಿಸಿದೆವು.

ಎರಡನೆಯದು, ಬೆರಳು ಸುತ್ತುವ ಪಟ್ಟಿ. ಬೆಳ್ಳಿಯ ಒಂದೇ ಕಡ್ಡಿಯನ್ನು ಉಳಿಯಿಂದ ಸೀಳಿ, ಕವಲುಗಳನ್ನು ಅಗಲಿಸಿ, ಮೇಲೆ ಹರಳಿನ ಗೂಡನ್ನು ಬೆಸೆದಿದ್ದರು. ಅರದಿಂದ ಉಜ್ಜಿದ ಗೀರುಗಳು ಒಳಗೆ ಕಾಣುತ್ತಿದ್ದವು. ಪಟ್ಟಿಯ ಮೇಲಿನ ಅರ್ಧಚಂದ್ರದ ಅಚ್ಚುಗಳು ಒಂದರಿಂದೊಂದು ಸಮನಾದ ದೂರದಲ್ಲಿರಲಿಲ್ಲ. ಒಂದು ಆಳ, ಒಂದು ತೇಲು. ಯಂತ್ರ ಹಾಗೆ ತಪ್ಪುವುದಿಲ್ಲ. ಕೈಕೆಲಸವೆಂಬುದು ಖಚಿತವಾಯಿತು.

ಮೂರನೆಯದು ಆ ಅಚ್ಚೇ. ನವಾಹೋ ಕುಶಲಿಗಳು ಚಿತ್ತಾರದ ಅಚ್ಚುಗಳನ್ನು ಹಳೆಯ ಅರ, ಉಳಿಗಳ ಉಕ್ಕಿನಿಂದ ತಾವೇ ಕೊರೆದುಕೊಳ್ಳುತ್ತಿದ್ದರು. ಒಂದರ ಅಂಚು ಮುರಿದಿದ್ದರೆ ಆ ಮುರುಕು ಅವನ ಪ್ರತಿಯೊಂದು ಒಡವೆಯಲ್ಲಿಯೂ ಮೂಡುತ್ತದೆ. ಹೆಸರಿರುವ ಒಡವೆಯೊಂದರಲ್ಲಿ ಅದೇ ಮುರುಕು ಸಿಕ್ಕರೆ ಮಾಡಿದವನ ಸುಳಿವು ಸಿಕ್ಕಂತೆ. ಆದರೆ ಅಚ್ಚು ತಂದೆಯಿಂದ ಮಗನಿಗೆ ಹೋಗುತ್ತದೆ, ನೆರೆಯವನಿಗೆ ಕೈಗಡವಾಗಿಯೂ ಹೋಗುತ್ತದೆ. ಆದ್ದರಿಂದ ಅದೊಂದೇ ಸಾಕ್ಷಿ ಸಾಲದು.

ಇನ್ನು ಚೀಟಿಯಲ್ಲಿದ್ದ ಹೆಸರು. ಪೆಶ್ಲಕೈ ಎಂದರೆ ಅವರ ಮಾತಿನಲ್ಲಿ ಬೆಳ್ಳಿ. ಫ್ರೆಡ್ ಪೆಶ್ಲಕೈ ಹೆಸರಾಂತ ಕುಶಲಿಯ ಮಗ, ತಾನೂ ದೊಡ್ಡ ಕುಶಲಿ, ತನ್ನ ಒಡವೆಗೆ ಗುರುತು ಹೊಡೆದ ಮೊದಲಿಗರಲ್ಲಿ ಒಬ್ಬ. ಫೋರ್ಟ್ ವಿಂಗೇಟ್ ಶಾಲೆಯಲ್ಲಿ ಹುಡುಗರಿಗೆ ಬೆಳ್ಳಿ ಕೆಲಸ ಕಲಿಸಿದವನು. ಶಿಷ್ಯರ ಕೈಯಲ್ಲಿ ಗುರುವಿನ ಧಾಟಿ ಬರುವುದಿಲ್ಲವೆ? ಅವನ ಗುರುತುಳ್ಳ ಒಡವೆಗಳ ಚಿತ್ರಗಳನ್ನು ಭೂತಗನ್ನಡಿ ಹಿಡಿದು ನೋಡಿದೆವು. ಧಾಟಿ ಹೋಲುತ್ತಿತ್ತು, ಅಚ್ಚು ಒಂದೂ ಹೊಂದಲಿಲ್ಲ.

ಇಲ್ಲಿ ನಮಗೆ ಪೇಚು ಬಂದಿತು. ಹುಡುಗಿಯ ಫೀಸಿನ ಕೊನೆಯ ದಿನ ಹತ್ತಿರವಿತ್ತು. ಒಂದು ಸಾಲು ಬರೆದು ಶಿಕ್ಕಾ ಒತ್ತಿದರೆ ಆಗಿಹೋಗುತ್ತಿತ್ತು, ಕೇಳುವವರು ಯಾರು? ನಮ್ಮಲ್ಲೊಬ್ಬರು "ಬರೆದುಬಿಡೋಣ" ಎಂದರು ಕೂಡ. ಆಗ ನಮಗೆ ನೆನಪಾದದ್ದು ಗಿರಣಿಯ ಥಾನು. ಅದರ ಅಂಚಿಗೆ ಗಿರಣಿಯ ಮುದ್ರೆ ಬೀಳುತ್ತದೆ, ನೇಯ್ದವನ ಹೆಸರು ಬೀಳುವುದಿಲ್ಲ. ಅದು ಇದ್ದದ್ದೇ. ಆದರೆ ಅದೇ ಥಾನಿಗೆ ಬೇರೊಬ್ಬ ನೇಕಾರನ ಹೆಸರು ಹಚ್ಚಿದರೆ? ಹೆಸರಿಲ್ಲದವನಿಗೆ ಮುಂದೆಂದಾದರೂ ಹೆಸರು ಸಿಗಬಹುದು. ಅವನ ಜಾಗದಲ್ಲಿ ಇನ್ನೊಬ್ಬನನ್ನು ಕೂರಿಸಿದ ಮೇಲೆ ಅವನನ್ನು ಹುಡುಕುವವರೇ ಇರುವುದಿಲ್ಲ.

ಕೊನೆಗೆ ಹೀಗೆ ಬರೆದುಕೊಟ್ಟೆವು: "ಕೈಕೆಲಸದ ಬೆಳ್ಳಿ ಉಂಗುರ. ನವಾಹೋ ಧಾಟಿಯದು. 1930ರ ದಶಕದ್ದು ಅಥವಾ ಅದಕ್ಕೂ ಈಚಿನದು. ಮಾಡಿದವರು ತಿಳಿಯದು." 'ನವಾಹೋ ಧಾಟಿ' ಎಂದು ಬೇಕೆಂದೇ ಬರೆದೆವು. ಆ ಜನರು ಮಾಡದ್ದನ್ನು ಅವರದೆಂದು ಮಾರುವುದು ಅಮೆರಿಕದಲ್ಲಿ 1990ರ ಕಾನೂನಿನಂತೆ ಅಪರಾಧ.

ಅವರು ಕಾಗದ ಓದಿ, ಮಡಿಚಿ, ಏನೂ ಹೇಳದೆ ಹೋದರು. ಎರಡು ವಾರ ವಾಚನಾಲಯದ ಕಡೆ ಬರಲಿಲ್ಲ. ಫೀಸಿನ ಹಣವನ್ನು ಸ್ನೇಹಿತರು ಕೂಡಿ ಕೈಗಡವಾಗಿ ಹೊಂದಿಸಿದರು, ಇನ್ನೂ ತೀರುತ್ತಲಿದೆ. ಉಂಗುರ ಮಾರಾಟವಾಗಲಿಲ್ಲ. ಮೊನ್ನೆ ಅವರ ಮಗಳು ಬಂದು, "ಕಾಗದದ ಇನ್ನೊಂದು ಪ್ರತಿ ಕೊಡ್ರಿ, ಡಬ್ಬಿಯೊಳಗ ಇಡತೇವಿ" ಎಂದಳು. ಕೊಟ್ಟೆವು.

ಬಂಧುಗಳೆ, ಕಡೆಯದಾಗಿ ಎರಡು ಮಾತು. ಫಿರೋಜಾ ಹರಳಿನ ಒಡವೆಯಿದ್ದರೆ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ. ಹುಳಿ, ಎಣ್ಣೆ, ಸಾಬೂನು ಆ ಹರಳಿಗೆ ಆಗಿಬರುವುದಿಲ್ಲ. ಇನ್ನು, ತಮ್ಮ ಮನೆಯ ಹಳೆಯ ಒಡವೆಗಳನ್ನು ಯಾರು ಮಾಡಿದರು, ಯಾವ ಊರಲ್ಲಿ, ಯಾರ ಮದುವೆಗೆ ಎಂಬುದನ್ನು ಹಿರಿಯರಿರುವಾಗಲೇ ಕೇಳಿ ಒಂದು ಚೀಟಿಯಲ್ಲಿ ಬರೆದಿಡಿ. ಬರೆಯಲು ಬಾರದವರು ರವಿವಾರ ಸಾಯಂಕಾಲ ಇಲ್ಲಿಗೆ ಬರಬಹುದು. ಬರೆದುಕೊಡಲು ನಾವು ಮೂವರೂ ಇರುತ್ತೇವೆ. ತಾವು ಹೇಳಿದಷ್ಟನ್ನೇ ಬರೆಯುತ್ತೇವೆ.